ಹಾರನಹಳ್ಳಿಯ ಜೀಪಿನ ಪೆಟ್ಟಿಗೆ

ಕಳೆದ ಕಾರ್ತಿಕ ಮಾಸದ ಮೊದಲಲ್ಲಿ ಹಾರನಹಳ್ಳಿಯಿಂದ ನಮಗೊಂದು ಕಾಗದ ಬಂದಿತು. ಬರೆದವನು ನಮ್ಮ ಹಳೆಯ ಶಿಷ್ಯ. ಎಲ್ಲರೂ ದೂರವಾಣಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಈ ದಿನಗಳಲ್ಲಿ ಅವನು ಲೇಖನಿ ಹಿಡಿದುದಕ್ಕೆ ಕಾರಣವುಂಟು. ಲಕೋಟೆಯೊಳಗೆ ಗ್ರೀಸಿನ ಕಲೆ ಹತ್ತಿದ ಮೂರು ರಟ್ಟಿನ ಚೀಟಿಗಳಿದ್ದವು. ಒಂದರ ಮೇಲೆ ‘ಎಡಚ’ ಎಂದೂ, ಮತ್ತೊಂದರ ಮೇಲೆ ‘ಐವರು’ ಎಂದೂ, ಮೂರನೆಯದರ ಮೇಲೆ ‘ಕೂಡದು’ ಎಂದೂ ಬರೆದಿದ್ದಿತು. ಕಾಗದದ ಒಕ್ಕಣೆ ಇಷ್ಟೆ: “ಪೂಜ್ಯ ಮೇಷ್ಟರಿಗೆ ನಮಸ್ಕಾರಗಳು. ಇವು ಅಪ್ಪನ ಅಕ್ಷರ. ಜೀಪಿನ ಸಾಮಾನಿನ ಪೆಟ್ಟಿಗೆಯಲ್ಲಿದ್ದವು. ಯಾವ ಸಾಮಾನು ಯಾವುದೆಂದು ಇಲ್ಲಿ ಯಾರಿಗೂ ತಿಳಿಯದು. ತಿಳಿದರೆ ಜೀಪು ಓಡೀತು. ಇಲ್ಲದಿದ್ದರೆ ಯುಗಾದಿಯೊಳಗೆ ಗುಜರಿಗೆ ಕೊಟ್ಟುಬಿಡುವೆನು. ಅಮ್ಮ ಬೇಡವೆನ್ನುತ್ತಾಳೆ. ತಾವು ಒಮ್ಮೆ ಬರಬೇಕು.”

ನಮಗೆ ಯಂತ್ರವಿದ್ಯೆ ಬಾರದು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಹೇಳಿಕೊಟ್ಟು ನಿವೃತ್ತರಾದವರು ನಾವು. ಆದರೆ ಆ ಹಿರಿಯರ ಅಕ್ಷರ ನಮಗೆ ಪರಿಚಿತ. ನಾವು ಹಾರನಹಳ್ಳಿಯ ಶಾಲೆಯಲ್ಲಿದ್ದಾಗ ಕಟ್ಟಡದ ಲೆಕ್ಕವನ್ನು ಬರೆದಿಡುತ್ತಿದ್ದವರು ಅವರೇ. ನಾಲ್ಕನೆಯ ತರಗತಿಗೆ ಓದು ಬಿಟ್ಟವರಾದರೂ ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ರೆ ಮಾಡದ ಸ್ವಭಾವದವರು. ಮೂರು ವರ್ಷಗಳ ಹಿಂದೆ ಕಾಲವಾದರು. ಅವರ ಮೂರು ಮಾತುಗಳು ನಮ್ಮ ಮೇಜಿನ ಮೇಲೆ ಬಿದ್ದಿರುವಾಗ ಸುಮ್ಮನಿರಲು ಮನಸ್ಸಾಗಲಿಲ್ಲ, ಮರುದಿನವೇ ಹೊರಟೆವು.

ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು. 19ನೆಯ ಶತಮಾನದಲ್ಲಿ ಈ ಊರು ಮದರಾಸಿನ ಸೈನ್ಯಕ್ಕೆ ಸಾಮಗ್ರಿಯನ್ನೊದಗಿಸುವ ಠಾಣ್ಯವಾಗಿದ್ದಿತು. ಅಮೃತಮಹಲ್ ದನಗಳ ಪೋಷಣೆ, ಚರ್ಮ ಹದಮಾಡುವುದು, ಬಂಡಿ ಕಟ್ಟುವುದು ಇವೆಲ್ಲ ಇಲ್ಲಿ ನಡೆಯುತ್ತಿದ್ದವು. ಲಕ್ಷ್ಮಣತೀರ್ಥದ ಸೇತುವೆಯನ್ನು ದಾಟುವಾಗ, ಆ ಕಾಲದ ಬಡಗಿಗಳೂ ಕಮ್ಮಾರರೂ ತಮ್ಮ ಬಂಡಿಯ ಬಿಡಿಭಾಗಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ ಎಂಬ ಯೋಚನೆ ಬಂದಿತು. ಮುಂದೆ ಕಂಪಲಾಪುರದಲ್ಲಿ ಹೊಗೆಸೊಪ್ಪಿನ ಹರಾಜಿನ ಕಾಲ. ರಸ್ತೆಯ ಪಕ್ಕದಲ್ಲಿ ಬೇಲುಗಳನ್ನು ಹೇರಿದ ಗಾಡಿಗಳು ಸಾಲಾಗಿ ನಿಂತಿದ್ದವು. ಹದಗೊಂಡ ಸೊಪ್ಪಿನ ಸಿಹಿಮಿಶ್ರಿತವಾದ ಘಾಟು ಬಸ್ಸಿನೊಳಕ್ಕೆಲ್ಲ ತುಂಬಿತು. ಪಿರಿಯಾಪಟ್ಟಣದಲ್ಲಿ ಇಳಿದು ಮಸಣಿಕಮ್ಮನವರಿಗೆ ಕೈಮುಗಿಯುವಷ್ಟರಲ್ಲಿ ಶಿಷ್ಯನು ಸ್ಕೂಟರಿನೊಡನೆ ಬಂದು ನಿಂತನು.

ಹಾರನಹಳ್ಳಿಯ ಅವನ ಮನೆಯ ಹಿಂದೆ ಸೊಪ್ಪು ಬೇಯಿಸುವ ಬ್ಯಾರನ್ನು. ಅದರ ಮಗ್ಗುಲಿಗೆ ತಗಡಿನ ಮಾಡು. ಅದರ ಕೆಳಗೆ ಜೀಪು. ಗಾಜಿನ ಮೇಲೆ ಕೋಳಿಯೊಂದು ಕುಳಿತಿದ್ದಿತು. ಈ ವಾಹನವನ್ನು ಹಿರಿಯರು 1984ರಲ್ಲಿ ಕೊಡಗಿನ ಕಾಫಿತೋಟದವರೊಬ್ಬರಿಂದ ಕೊಂಡು ತಂದಿದ್ದರು. ನಾವು ಆ ಊರಿನಲ್ಲಿದ್ದ ಕಾಲದಲ್ಲಿ, ಆಷಾಢದ ಮಳೆಗೆ ಹೊಲದ ದಾರಿಗಳು ಕೊಚ್ಚೆಯಾಗಿ ಎತ್ತಿನ ಗಾಡಿಯೂ ಹೂತುಕೊಳ್ಳುವಾಗ, ಹೆರಿಗೆಯ ನೋವು ಬಂದ ಹೆಣ್ಣುಮಕ್ಕಳನ್ನು ಪಿರಿಯಾಪಟ್ಟಣದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಇದೇ ಜೀಪು. ಹಾಗೆ ಹುಟ್ಟಿದ ಮಕ್ಕಳಲ್ಲಿ ಕೆಲವರು ಮುಂದೆ ನಮ್ಮ ತರಗತಿಯಲ್ಲಿಯೇ ಕುಳಿತು ಕಾಗುಣಿತ ತಪ್ಪು ಬರೆದರು.

ಜೀಪೆಂದರೆ ಎಲ್ಲವೂ ಒಂದೇ ಎಂದು ನಾವು ತಿಳಿದಿದ್ದೆವು. ಅದು ಅಜ್ಞಾನ. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿಯೂ ಫೋರ್ಡ್ ಕಂಪನಿಯೂ ಒಂದೇ ನಕ್ಷೆಯಂತೆ ಆರು ಲಕ್ಷಕ್ಕೂ ಮಿಕ್ಕ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ವಿಲ್ಲಿಸರು ಅದನ್ನೇ ತಿದ್ದಿ ತೀಡಿ ಜನಸಾಮಾನ್ಯರಿಗೆ ಮಾರತೊಡಗಿದರು. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂದು ಮೊದಲಾಗಿ, ದೇಶವಿಭಜನೆಯ ತರುವಾಯ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಕಂಪನಿಯು ಬೊಂಬಾಯಿಯಲ್ಲಿ ಇವುಗಳನ್ನು ಜೋಡಿಸಲು ತೊಡಗಿತು. ವಿಲ್ಲಿಸರು 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿಯೇ ಮುಂದೆ ಇಲ್ಲಿ ಬೇರೂರಿತು. ಅದರ ಗುರುತು ಎತ್ತರವಾದ ಬಾನೆಟ್ಟು. ಯುದ್ಧಕಾಲದ ಎಂಜಿನ್ನಿನಲ್ಲಿ ಕವಾಟಗಳೆಲ್ಲ ಪಕ್ಕದಲ್ಲಿದ್ದವು. ಇದರಲ್ಲಿ ಒಳಗೆಳೆಯುವ ಕವಾಟಗಳನ್ನು ನೆತ್ತಿಯ ಮೇಲಕ್ಕೆ ಏರಿಸಿದರು. ಎಂಜಿನ್ನು ಎತ್ತರವಾಯಿತು, ಅದಕ್ಕೆ ತಕ್ಕಂತೆ ಮುಚ್ಚಳವೂ ಉಬ್ಬಿತು. ನಮ್ಮೆದುರಿಗಿದ್ದುದು ಈ ಉಬ್ಬುಹಣೆಯ ಜಾತಿಯದು.

ಅದರ ವ್ಯಾಧಿ ಏನೆಂದರೆ, ಮುಂದಿನ ಅಚ್ಚಿನೊಳಗಣ ಹಲ್ಲುಚಕ್ರ ಮುರಿದಿದ್ದಿತು. ಹಿರಿಯರು ಮುಂದಿನ ಚಕ್ರಗಳಿಗೆ ಬಲವನ್ನೊಯ್ಯುವ ಶಾಫ್ಟನ್ನು ಕಳಚಿಟ್ಟು ಕೊನೆಯ ಕೆಲವು ವರ್ಷ ಹಿಂದಿನೆರಡು ಚಕ್ರದಲ್ಲಿಯೇ ಓಡಿಸಿದರು. ಮುರಿದುದನ್ನು ಶಿಷ್ಯನು ಹೋದ ವರ್ಷ ಹಳೆಯ ಪಾತ್ರೆಪಗಡಗಳೊಡನೆ ತೂಕಕ್ಕೆ ಹಾಕಿಬಿಟ್ಟಿದ್ದನು. “ಬುದ್ಧಿ ಇರಲಿಲ್ಲ ಮೇಷ್ಟ್ರೇ” ಎಂದನು. ಚೀಟಿಗಳನ್ನು ಸಾಮಾನಿನಿಂದ ಬಿಚ್ಚಿ ನಮಗೆ ಕಳುಹಿಸಿದುದೂ ಅದೇ ಬುದ್ಧಿಯ ಇನ್ನೊಂದು ಕಾರ್ಯವೆಂದು ನಾವು ಹೇಳಬೇಕಾಯಿತು. ಪುಣ್ಯಕ್ಕೆ ಅವನ ತಾಯಿಗೆ ಯಾವ ಚೀಟಿ ಯಾವುದಕ್ಕೆ ಕಟ್ಟಿದ್ದಿತೆಂಬುದು ನೆನಪಿದ್ದಿತು.

ಚಹದ ಹಳೆಯ ಹಲಗೆಪೆಟ್ಟಿಗೆಯನ್ನು ಜಗುಲಿಗೆ ತಂದು ಚಾಪೆಯ ಮೇಲೆ ಸುರಿದರು. ಎಣಿಸಿದೆವು, ಇಪ್ಪತ್ತೇಳು ಬಗೆ. ಕೆಲವು ಪಂಚೆಯ ತುಂಡಿನಲ್ಲಿ ಸುತ್ತಿದವು, ಕೆಲವು ಗ್ರೀಸಿನಲ್ಲಿ ಮುಳುಗಿದವು, ಕೆಲವು ತುಕ್ಕು ಹಿಡಿದವು. ಅಮರಕೋಶದ ಕ್ಷತ್ರಿಯವರ್ಗದಲ್ಲಿ ರಥದ ಅಂಗಗಳಿಗೆಲ್ಲ ಹೆಸರುಗಳಿವೆ. ಚಕ್ರದ ಅಂಚಿಗೆ ನೇಮಿ, ನಡುವಿನ ಗುಂಬಕ್ಕೆ ನಾಭಿ, ಅಚ್ಚಿನ ತುದಿಯ ಕೀಲಿಗೆ ಅಣಿ. ನಮ್ಮ ರೈತರು ‘ಕಡಾಣಿ’ ಎನ್ನುವಲ್ಲಿಯೂ ಆ ಆಣಿಯೇ ಅಡಗಿರುವಂತೆ ತೋರುವುದು. ಸಾವಿರ ವರ್ಷಕ್ಕೆ ಮೇಲ್ಪಟ್ಟು ಒಂದು ಕೀಲಿಗೆ ಒಂದು ಹೆಸರು ಉಳಿದು ಬಂದಿದೆ. ಈ ಇಪ್ಪತ್ತೇಳಕ್ಕಾದರೋ ಮೂರೇ ಚೀಟಿಗಳು, ಹೆಸರಿಟ್ಟವರು ಈಗಿಲ್ಲ.

ಶಿಷ್ಯನ ದೂರವಾಣಿಯಲ್ಲಿ ಕಂಪನಿಯ ಚಿತ್ರಪುಸ್ತಕವಿದ್ದಿತು. ಪ್ರತಿಯೊಂದು ಅಂಗವನ್ನೂ ಬಿಡಿಸಿ, ಗಾಳಿಯಲ್ಲಿ ತೇಲಿಬಿಟ್ಟಂತೆ ಬರೆದು, ಅಂಕೆ ಹಾಕಿದ ಸೊಗಸಾದ ಚಿತ್ರಗಳು. ಆದರೆ ಚಿತ್ರದಲ್ಲಿರುವುದು ಹೊಚ್ಚಹೊಸದು, ಕೈಯಲ್ಲಿರುವುದು ಅರವತ್ತು ವರ್ಷ ಸವೆದದ್ದು. ನ್ಯಾಯಶಾಸ್ತ್ರದಲ್ಲಿ ಉಪಮಾನಕ್ಕೆ ಗವಯದ ದೃಷ್ಟಾಂತವನ್ನು ಕೊಡುವರಷ್ಟೆ. ಗವಯವನ್ನು ಕಾಣದ ಪಟ್ಟಣಿಗನಿಗೆ ಕಾಡಿನವನು “ಅದು ಹಸುವಿನಂತಿರುವುದು” ಎನ್ನುತ್ತಾನೆ. ಇವನು ಕಾಡಿಗೆ ಹೋಗಿ ಹಸುವಿನಂತಹ ಮೃಗವನ್ನು ಕಂಡು ಇದೇ ಗವಯವೆಂದು ಅರಿಯುತ್ತಾನೆ. ನಾಗರಹೊಳೆಯ ಅಂಚಿನಲ್ಲಿರುವ ಈ ಸೀಮೆಯವರಿಗೆ ಕಾಟಿಯನ್ನು ಕಂಡು ಗುರುತಿಸುವುದು ಕಷ್ಟವಲ್ಲ. ನಮ್ಮ ಕಷ್ಟವೆಂದರೆ ಚಾಪೆಯ ಮೇಲೆ ಒಂದರಂತೆ ಒಂದಿರುವ ಐದು ಗವಯಗಳು ಮಲಗಿದ್ದವು.

ಆದುದರಿಂದ ಹೋಲಿಕೆಯನ್ನು ಬಿಟ್ಟು ಅಳತೆಗೆ ಕೈಹಾಕಿದೆವು. ಹಳೆಯ ಜೀಪೆಲ್ಲ ಅಂಗುಲದ ಲೆಕ್ಕದ್ದು. ಎಂಜಿನ್ನಿನ ಉರುಳೆಯ ಬಾಯಿ 3⅛ ಅಂಗುಲ. ಆಮೇಲಿನ ಡೀಸೆಲ್ ಜೀಪುಗಳಲ್ಲಿ ಫ್ರಾನ್ಸಿನ ಪ್ಯೂಜೋ ಮಾದರಿಯ ಎಂಜಿನ್ನು ಬಂದಾಗ ಮಿಲಿಮೀಟರಿನ ಲೆಕ್ಕವೂ ಬಂದಿತು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು. 13ರ ಸ್ಪಾನರು ಅದಕ್ಕೆ ಹಿಡಿದಂತೆಯೇ ಇರುತ್ತದೆ. ಬಲವಾಗಿ ತಿರುವಿದಾಗ ಜಾರಿ, ಬೋಲ್ಟಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಬಿಡುತ್ತದೆ. ಶಿಷ್ಯನು ಮೈಸೂರಿನಿಂದ ಅಳತೆಯ ವರ್ನಿಯರನ್ನು ತಂದಿಟ್ಟಿದ್ದನು. ಅದರಿಂದ ಒಂದು ತಾಸಿನಲ್ಲಿ ಒಂಬತ್ತು ಸಾಮಾನು ಮಿಲಿಮೀಟರಿನವೆಂದು ಹೊರಗಾದವು.

ಹೆಸರುಗಳೂ ನಮ್ಮನ್ನು ಸಾಕಷ್ಟು ದಾರಿ ತಪ್ಪಿಸಿದವು. ಎಂಜಿನ್ನಿನ ಕಿಡಿಯನ್ನು ನಾಲ್ಕು ಉರುಳೆಗಳಿಗೆ ಹಂಚುವ ಯಂತ್ರವನ್ನು ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ‘ಡೆಲ್ಕೋ’ ಎನ್ನುವರು. ಅದು ಅಮೇರಿಕದ ಡೇಟನ್ ಊರಿನ ಒಂದು ಕಂಪನಿಯ ಹೆಸರಿನ ಆದ್ಯಕ್ಷರಗಳಿಂದಾದ ಪದ. ನಮ್ಮ ಪೆಟ್ಟಿಗೆಯ ‘ಡೆಲ್ಕೋ’ವಿನ ಮೈಮೇಲೆ ಸ್ಪಷ್ಟವಾಗಿ ಕೊರೆದಿದ್ದುದು ‘ಆಟೋಲೈಟ್’ ಎಂಬ ಬೇರೊಂದು ಕಂಪನಿಯ ಹೆಸರು! ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ, ತಾವರೆ ಮಾತ್ರ ಪಂಕಜ ಎಂದು ಮಕ್ಕಳಿಗೆ ಯೋಗರೂಢಿಯನ್ನು ಹೇಳಿಕೊಟ್ಟ ನಮಗೆ, ಡೆಲ್ಕೋದವರು ಮಾಡದುದೂ ಡೆಲ್ಕೋ ಆಗುವ ಈ ರೂಢಿ ಸೋಜಿಗವೆನಿಸಿತು. ಅಂಗಡಿಯಲ್ಲಿ ಬರಿಯ ‘ಜೀಪಿನ ಡೆಲ್ಕೋ’ ಕೇಳಿದವನಿಗೆ ಮೂರು ಬಗೆಯದು ತೋರಿಸುವರಂತೆ. ಹೊರಗಿನ ಹೆಸರನ್ನು ನೆಚ್ಚದೆ, ಮೈಮೇಲಿನ ಅಂಕೆಯನ್ನು ಸೀಮೆಎಣ್ಣೆಯಿಂದ ತೊಳೆದು ಓದುವುದೇ ಲೇಸು.

ಇನ್ನು ಚೀಟಿಗಳು. ‘ಎಡಚ’ ಎಂಬುದನ್ನು ಕಟ್ಟಿದ್ದುದು ಐದು ನಟ್ಟುಗಳ ಒಂದು ಗೊಂಚಲಿಗೆ. ನೋಡಲು ಎಲ್ಲ ನಟ್ಟಿನಂತೆಯೇ ಇದ್ದವು. ಅಮ್ಮನವರು ಅಡಿಗೆಯ ಮನೆಯ ಬಾಗಿಲಿನಿಂದ, “ಅದೇ ಇರಬೇಕು ಮೇಷ್ಟ್ರೇ, ಇವನು ಚಕ್ರ ಬಿಚ್ಚೋಕೆ ಹೋಗಿ ಎರಡು ಮುರಿದನಲ್ಲ” ಎಂದರು. ಸಂಗತಿ ಹೀಗೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟಿಗೆ ತಿರುಪು ಎಡಕ್ಕೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ಸಡಿಲವಾಗದಿರಲೆಂದು ಮಾಡಿದ ಏರ್ಪಾಡು ಅದು. ತಿಳಿಯದೆ ವಾಡಿಕೆಯಂತೆ ತಿರುವಿದವನು ಬಿಚ್ಚುತ್ತಿರುವೆನೆಂದುಕೊಂಡು ಬಿಗಿಯುತ್ತಲೇ ಹೋಗುವನು. ಕೊನೆಗೆ ಬೋಲ್ಟು ಕತ್ತರಿಸುವುದು. ಶಿಷ್ಯನು ಜೀಪಿನ ಬಳಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಬೋಲ್ಟಿನ ತುದಿಯನ್ನು ಬೆರಳಿನಿಂದ ಒರೆಸಿದನು. ಅಲ್ಲಿ ಇಂಗ್ಲೀಷಿನ ‘ಎಲ್’ ಅಕ್ಷರ ಎದ್ದು ಬಂದಿತು. ಎಡಗೈಯವನನ್ನು ಎಡಚನೆನ್ನುವುದುಂಟು, ಎಡತಿರುಪಿನ ನಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಕೋಶಕಾರರಿಗೂ ಹೊಳೆಯದು.

‘ಐವರು’ ಎಂಬುದು ಬಟ್ಟೆಯ ಒಂದು ಸಣ್ಣ ಚೀಲದ ಚೀಟಿ. ಒಳಗೆ ಉಕ್ಕಿನ ಗುಂಡುಗಳು, ಆದರೆ ನಾಲ್ಕೇ. ಮೂರು ನುಣುಪಾದವು, ಒಂದಕ್ಕೆ ಮಾತ್ರ ನಡುವೆ ರಂಧ್ರ. ಪಾಂಡವರಲ್ಲಿ ಒಬ್ಬನು ಕಾಣೆ. ಮನೆಯ ಮೊಮ್ಮಗಳನ್ನು ಕರೆದು ಕೇಳಿದಾಗ ಅವಳು ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಬೀದಿಯ ಕಡೆಗೆ ತಿರುಗಿತು. ಈ ಗುಂಡುಗಳು ಯಾವ ಅಂಗದವೆಂಬುದು ಆ ದಿನ ನಮಗೆ ತಿಳಿಯಲಿಲ್ಲ.

‘ಕೂಡದು’ ಎಂಬುದರಲ್ಲಿ ನಾವು ಎಡವಿದೆವು. ಅದನ್ನು ಕಟ್ಟಿದ್ದುದು ಎಲ್ಲಕ್ಕಿಂತ ಜೋಪಾನವಾಗಿ, ಮೂರು ಸುತ್ತು ಬಟ್ಟೆಯಲ್ಲಿ, ಗ್ರೀಸು ಬಳಿದು ಇಟ್ಟಿದ್ದ ಒಂದು ಜೋಡಿಗೆ: ಬಟ್ಟಲಗಲದ ದೊಡ್ಡ ಹಲ್ಲುಚಕ್ರ ಮತ್ತು ಅದಕ್ಕೆ ಹೊಂದುವ ಗಿಡ್ಡ ಹಲ್ಲುಕಂಬ. ಮೇಸ್ತ್ರಿಗಳು ಕ್ರೌನು-ಪಿನಿಯನ್ನು ಎನ್ನುವುದು ಇದನ್ನೇ. ಮುಂದಿನ ಅಚ್ಚಿನಲ್ಲಿ ಮುರಿದಿದ್ದುದೂ ಇದೇ ಅಂಗ. ನಾವು ಕನ್ನಡಕವನ್ನು ಸರಿಪಡಿಸಿಕೊಂಡು, “ಕೂಡದು ಎಂಬುದು ನಿಷೇಧಾರ್ಥಕ ಕ್ರಿಯಾಪದ. ಇಲ್ಲಿ ‘ಮಾರ’ ಎಂಬುದನ್ನು ಅಧ್ಯಾಹಾರ ಮಾಡಿಕೊಳ್ಳಬೇಕು. ಮಾರಕೂಡದು! ಮುಂದೆ ಹಾಕಿಸುವುದಕ್ಕೆಂದೇ ನಿಮ್ಮ ತಂದೆಯವರು ಕಾಪಾಡಿದ್ದಾರೆ” ಎಂದು ಅಪ್ಪಣೆ ಕೊಡಿಸಿದೆವು. ಶಿಷ್ಯನಿಗೆ ಪರಮಾನಂದವಾಯಿತು. ಮರುದಿನವೇ ಪಿರಿಯಾಪಟ್ಟಣದಿಂದ ಹುಡುಗರನ್ನು ಕರೆಸಿ ಕೂಡಿಸಿಬಿಡುವುದೆಂದು ಮಾತಾಯಿತು.

ರಾತ್ರಿ ಮಲಗಿದ ಮೇಲೆ ನಮಗೆ ಒಂದು ಅಳುಕು. ಹಿಂದಿನ ಅಚ್ಚಿನಲ್ಲಿಯೂ ಇಂತಹುದೇ ಒಂದು ಜೋಡಿ ಇದ್ದೇ ಇರಬೇಕು. ಎರಡೂ ಒಂದೇ ಸಮನಾಗಿ ತಿರುಗದಿದ್ದರೆ? ಬೆಳಗ್ಗೆ ಎದ್ದು ಮೊದಲು ಹಲ್ಲುಗಳನ್ನು ಎಣಿಸಿದೆವು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಮೂರು ಬಾರಿ ಎಣಿಸಿದರೂ ದೊಡ್ಡದಕ್ಕೆ 39, ಸಣ್ಣದಕ್ಕೆ 8. ಭಾಗಿಸಿದರೆ 4.875. ಅಂದರೆ ಶಾಫ್ಟು ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ ಚಕ್ರ ಒಂದು ಸುತ್ತು ತಿರುಗೀತು. ಹಿಂದಿನದನ್ನು ಬಿಚ್ಚದೆಯೇ ಎಣಿಸಲು ಉಪಾಯ ಮಾಡಿದೆವು. ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿ, ಉಳಿದವಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಗೇರನ್ನು ಬಿಡಿಸಿ ಹ್ಯಾಂಡ್‌ಬ್ರೇಕನ್ನು ಸಡಿಲಿಸಿದೆವು. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಶಾಫ್ಟನ್ನೇ; ಅದನ್ನು ಬಿಡದೆ ಏನೂ ಅಲುಗದು. ಇದನ್ನು ತಿಳಿಯುವುದಕ್ಕೇ ನಮಗೆ ಅರ್ಧ ಗಂಟೆ ಹಿಡಿಯಿತು. ಟಯರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಎಳೆದೆವು. ಶಿಷ್ಯನು ಚಕ್ರವನ್ನು ಒಂದು ಸುತ್ತು ತಿರುಗಿಸಿದನು. ನಾವು ಚಾಪೆಯ ಮೇಲೆ ಒರಗಿ ಕೆಳಗಿನಿಂದ ಎಣಿಸಿದೆವು. ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ! ಐದೂ ಇಲ್ಲ, ನಾಲ್ಕೂ ಇಲ್ಲ. ಮತ್ತೆ ಎಣಿಸಿದರೂ ಅಷ್ಟೇ.

ನಮ್ಮ ವಿಸ್ಮಯವನ್ನು ಪರಿಹರಿಸಿದವನು ಪಕ್ಕದ ಮನೆಯ ಹುಡುಗ. ಮೈಸೂರಿನಲ್ಲಿ ಪಾಲಿಟೆಕ್ನಿಕ್ಕಿಗೆ ಹೋಗುವವನು. ಎರಡು ಹಿಂಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಏರ್ಪಾಡು ತಿರುವಿನಲ್ಲಿ ಒಂದು ಚಕ್ರ ಬೇಗ, ಒಂದು ನಿಧಾನವಾಗಿ ತಿರುಗಲು ಎಡೆಕೊಡುವುದಂತೆ. ಒಂದು ಚಕ್ರ ನೆಲದ ಮೇಲೆ ಕದಲದೆ ನಿಂತಿರುವಾಗ, ಎತ್ತಿದ ಚಕ್ರವು ಎರಡು ಸುತ್ತು ತಿರುಗಿದರೆ ಒಳಗಿನ ದೊಡ್ಡ ಹಲ್ಲುಚಕ್ರವು ಒಂದೇ ಸುತ್ತು ತಿರುಗುವುದು. ಸರಿ, ಎರಡು ಸುತ್ತು ತಿರುಗಿಸಿ ಎಣಿಸಿದೆವು. ಐದೂಕಾಲು ದಾಟಿ, ಐದೂವರೆ ಮುಟ್ಟದೆ ಗೆರೆ ನಿಂತಿತು. ಹುಡುಗನು ಚಿತ್ರಪುಸ್ತಕವನ್ನು ತಿರುವಿ ಹಾಕಿ, “ಇದು 43ಕ್ಕೆ 8 ಸಾರ್. 5.375 ಬರಬೇಕು” ಎಂದನು.

ಶಿಷ್ಯನು, “ನಾಲ್ಕು ಹಲ್ಲಿನ ವ್ಯತ್ಯಾಸ ತಾನೇ ಮೇಷ್ಟ್ರೇ, ನಡೆದೀತು” ಎಂದನು. ಆಗ ಅಮ್ಮನವರು ಕಾಫಿಯ ಲೋಟಗಳನ್ನು ಕೆಳಗಿಟ್ಟು ಹೇಳಿದರು: “ಎತ್ತಿನ ಜಾತ್ರೇಲಿ ಅವರು ಹೀಗೇ ಅನ್ನೋರು. ಎರಡೂ ಒಳ್ಳೆ ಎತ್ತೇ. ಆದರೆ ಈ ಜೋಡಿ ಕೂಡದು ಅಂತ ಬಿಟ್ಟು ಬರೋರು.”

ನಮ್ಮ ವ್ಯಾಕರಣವೆಲ್ಲ ಅಲ್ಲಿಗೆ ಮುಗಿಯಿತು. ಮಾಡಕೂಡದು, ಮಾರಕೂಡದು ಎಂಬ ನಿಷೇಧದ ‘ಕೂಡದು’ ಅಲ್ಲ ಅದು. ಒಂದರೊಡನೊಂದು ಕೂಡದು, ಹೊಂದದು ಎಂಬ ರೈತನ ಕೂಡದು. ಗಣಿತವೂ ಅದನ್ನೇ ಹೇಳಿತು. ಇದನ್ನು ಮುಂದಿನ ಅಚ್ಚಿಗೆ ಹಾಕಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟರೆ, ಹಿಂದಿನ ಚಕ್ರ 39 ಸುತ್ತು ತಿರುಗುವಷ್ಟರಲ್ಲಿ ಮುಂದಿನದು 43 ಸುತ್ತು ತಿರುಗಲು ಹೆಣಗುವುದು. ಕೆಸರಿನಲ್ಲಿ ಜಾರಿಕೊಂಡು ಹೇಗೋ ನಡೆದೀತು. ಗಟ್ಟಿ ನೆಲದಲ್ಲಿ ಒಂದು ಎತ್ತು ಓಡಿ ಒಂದು ಎತ್ತು ಎಳೆದು ನೊಗ ಮುರಿದ ಹಾಗೆ, ಎರಡು ಅಚ್ಚುಗಳೂ ಕಾದಾಡಿ ಯಾವುದಾದರೊಂದು ಒಡೆಯುವುದು. ಅದಕ್ಕಿಂತ ಘೋರವೆಂದರೆ, ಅದು ಆ ಗೂಡಿನೊಳಗೆ ಸರಿಯಾಗಿಯೇ ಕೂರುತ್ತದೆ! ಕೂರದಿದ್ದರೆ ಯಾರಾದರೂ ಅನುಮಾನಪಟ್ಟಾರು. ಕೂತದ್ದನ್ನು ಯಾರು ಅನುಮಾನಿಸುವರು?

ಮೂರನೆಯ ದಿನ ಜೋಡಿಯನ್ನೂ ಚೀಲವನ್ನೂ ಹಿಡಿದು ಕೊಡಗಿನ ಕಡೆಗೆ ಹೊರಟೆವು. ಬೈಲುಕುಪ್ಪೆಯಲ್ಲಿ ಟಿಬೆಟ್ಟಿನವರ ಊರುಗಳು, ಕಾವೇರಿಯ ಸೇತುವೆ, ಕುಶಾಲನಗರ. ಅಲ್ಲಿಂದ ಮುಂದೆ ರಸ್ತೆ ಏರತೊಡಗಿ ಕಾಫಿಯ ನೆರಳು ಕವಿಯುತ್ತದೆ. ಸುಂಟಿಕೊಪ್ಪದಲ್ಲಿ ಹಿರಿಯರು ಯಾವಾಗಲೂ ಹೋಗುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬರಿದ್ದಾರೆಂದು ಅಮ್ಮನವರು ಹೇಳಿದ್ದರು. ತೋಟದ ದೊರೆಗಳ ಕಾಲದಿಂದ ಕೊಡಗಿನ ಕಡಿದಾದ ದಾರಿಗಳಲ್ಲಿ ಜೀಪುಗಳಿಗೆ ಕೆಲಸವುಂಟು; ಇಂದಿಗೂ ಮಡಿಕೇರಿಯಿಂದ ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವವು ಜೀಪುಗಳೇ. ಆದುದರಿಂದ ಇಲ್ಲಿ ಜೀಪಿನ ವಿದ್ಯೆ ಇನ್ನೂ ಬತ್ತಿಲ್ಲ.

ಮೇಸ್ತ್ರಿಗಳಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯ ದಿನಕ್ಕೆ ಕಾದಿದ್ದರು. ಜೋಡಿಯನ್ನು ಕೈಗೆ ಕೊಟ್ಟೆವು. ಅವರು ನೋಡಲಿಲ್ಲ, ಹೆಬ್ಬೆರಳಿನಿಂದ ಹಲ್ಲುಗಳ ಮೇಲೆ ಒಂದು ಸುತ್ತು ಸವರಿದರು. “ಮೂವತ್ತೊಂಬತ್ತು. ಮಿಲಿಟರಿ ಜೀಪಿನದು. ಇದು ಹಾರನಹಳ್ಳಿ ಗೌಡರದ್ದಲ್ಲವೇ?” ಎಂದರು. ನಮಗೆ ಮೈ ಜುಮ್ಮೆಂದಿತು. ಹಿರಿಯರು ಅದನ್ನು ಎಲ್ಲಿಯೋ ಗುಜರಿಯಲ್ಲಿ ಮೋಸಹೋಗಿ ಕೊಂಡು, ಮನೆಗೆ ಬಂದು ಹಲ್ಲು ಎಣಿಸಿ ಪೇಚಾಡಿ, ಬದಲಿಗೆ ನಲವತ್ತಮೂರರದು ಸಿಕ್ಕೀತೇ ಎಂದು ಇವರಲ್ಲಿಗೆ ತಂದಿದ್ದರಂತೆ. “ನನ್ನ ಹತ್ತಿರ ಆಗ ಇರಲಿಲ್ಲ. ಸಿಕ್ಕಿದರೆ ಹೇಳಿ ಕಳುಹಿಸುತ್ತೇನೆ ಅಂದಿದ್ದೆ. ಸಿಗಲಿಲ್ಲ. ಆಮೇಲೆ ಅವರೂ ಬರಲಿಲ್ಲ” ಎಂದು ಸುಮ್ಮನಾದರು. ಬಾರದಿದ್ದುದಕ್ಕೆ ಕಾರಣವನ್ನು ಶಿಷ್ಯನು ಹೇಳಬೇಕಾಯಿತು. ಮೇಸ್ತ್ರಿಗಳು ಸ್ವಲ್ಪ ಹೊತ್ತು ಚಕ್ರವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಅನಂತರ ಚೀಲವನ್ನು ಕೇಳಿ ಗುಂಡುಗಳನ್ನು ಅಂಗೈಗೆ ಸುರಿದುಕೊಂಡರು. ಮುಂದಿನ ಚಕ್ರಕ್ಕೆ ಎರಡು ಕೆಲಸ: ಬಲವನ್ನೂ ಪಡೆಯಬೇಕು, ಎಡಬಲಕ್ಕೆ ಹೊರಳಲೂ ಬೇಕು. ಆ ಮಣಿಗಂಟಿನಂತಹ ಕೀಲಿನೊಳಗೆ ಗುಂಡುಗಳಿರುತ್ತವೆ. ಜೀಪುಗಳಲ್ಲಿ ಈ ಕೀಲು ನಾಲ್ಕು ಜಾತಿಯದು ಉಂಟು. ಗುಂಡೇ ಇಲ್ಲದ್ದೂ ಇದೆ. ಆರು ಗುಂಡಿನದೂ ಇದೆ. ನಾಲ್ಕು ಗುಂಡು ಬಲವನ್ನು ಹೊತ್ತು, ರಂಧ್ರವಿರುವ ಐದನೆಯದು ನಡುವೆ ಕುಳಿತು ಅವನ್ನು ಹಿಡಿದಿದ್ದರೆ ಅದು ಬೆಂಡಿಕ್ಸ್ ಎಂಬ ಜಾತಿ. “ನಡುವಿನದು ಇದೆ. ಹೊರಗಿನ ನಾಲ್ಕರಲ್ಲಿ ಒಂದಿಲ್ಲ” ಎಂದರು. ಐವರೆಂಬ ಹೆಸರಿಗೆ ಅರ್ಥ ತಿಳಿಯಿತು. ಕಾಣೆಯಾದವನು ಧರ್ಮರಾಜನಲ್ಲವೆಂಬ ಸಮಾಧಾನವೂ ಆಯಿತು.

ಹೊರಡುವಾಗ ಅವರ ಬೆರಳಿಗೆ ಚೀಲದ ತಳದಲ್ಲಿದ್ದ ಒಂದು ಬೋಲ್ಟು ಸಿಕ್ಕಿತು. ಅದರ ತಲೆಯ ಮೇಲೆ ಸೊಟ್ಟಗೆ ಕೂಡುಬರಹದ ಒಂದು ‘ಎಫ್’. ಯುದ್ಧಕಾಲದಲ್ಲಿ ಫೋರ್ಡಿನವರು ತಾವು ಮಾಡಿದ ಅಂಗಗಳ ಮೇಲೆ, ಬೋಲ್ಟುಗಳ ಮೇಲೆಯೂ, ತಮ್ಮ ಅಕ್ಷರವನ್ನು ಒತ್ತುತ್ತಿದ್ದರು. ಯಾವ ರಣರಂಗಕ್ಕೆಂದು ಹೊರಟ ಬೋಲ್ಟೋ, ಹಾರನಹಳ್ಳಿಯ ಚಹದ ಪೆಟ್ಟಿಗೆಯಲ್ಲಿ ಪಾಂಡವರ ಜೊತೆ ಮಲಗಿದ್ದಿತು.

ಐದನೆಯ ಗುಂಡು ಬೀದಿಯ ತುದಿಯ ಮನೆಯಲ್ಲಿ ಸಿಕ್ಕಿತು. ಗೋಲಿಯಾಟದಲ್ಲಿ ಮೊಮ್ಮಗಳು ಅದನ್ನು ಸೋತಿದ್ದಳು. ಗೆದ್ದವನು ಹನ್ನೆರಡು ಗಾಜಿನ ಗೋಲಿಗಳಿಗೆ ಕಡಮೆ ಬಿಡೆನೆಂದು ಹಠ ಹಿಡಿದನು. ಕೊಟ್ಟು ತಂದೆವು. ನಲವತ್ತಮೂರರ ಜೋಡಿಯನ್ನು ಹುಡುಕಲು ಶಿಷ್ಯನು ಬೆಂಗಳೂರಿಗೆ ಹೋಗಿ, ಜೆ. ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಎರಡು ದಿನ ಅಲೆದನು. ಒಂದು ಅಂಗಡಿಯಲ್ಲಿ ನಲವತ್ತಮೂರೆಂದು ಪ್ರಮಾಣ ಮಾಡಿ ಕೊಟ್ಟುದನ್ನು ಅಲ್ಲಿಯೇ ನೆಲದ ಮೇಲಿಟ್ಟು ಎಣಿಸಿದರೆ ಬೇರೆಯಾಗಿತ್ತಂತೆ. ಈ ಬಾರಿ ಅವನು ಜೇಬಿನಲ್ಲಿ ಸೀಮೆಸುಣ್ಣವನ್ನಿಟ್ಟುಕೊಂಡು ಹೋಗಿದ್ದನೆಂಬುದು ನಮಗೆ ಸಂತೋಷ.

ನಡುವೆ ಯಾರೋ ಅವನಿಗೆ ಮತ್ತೊಂದು ಆಸೆ ಹಚ್ಚಿದರು. 2021ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದಿರುವ ವಾಹನವನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದುದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಮ್ಮನವರು ಇದನ್ನು ಕೇಳಿ, “ಓಡದ ಜೀಪು ಈಗಲೇ ಇದೆಯಲ್ಲ” ಎಂದರಂತೆ. ಆ ಮಾತು ಅಲ್ಲಿಗೇ ನಿಂತಿತು.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ನಾವು ಎರಡನೆಯ ಸಾರಿ ಹಾರನಹಳ್ಳಿಗೆ ಹೋದಾಗ ಜೀಪಿನ ಮೇಲೆ ಕೋಳಿ ಇರಲಿಲ್ಲ. ಮೇಸ್ತ್ರಿಗಳ ಮೊಮ್ಮಗ ಬಂದು ಮೂರು ದಿನವಿದ್ದು ಅಚ್ಚನ್ನು ಕೂಡಿಸಿದ್ದನು. ಹಿಂದೆ ಮುಂದೆ ಎರಡು ಕಡೆಯೂ ಎಣಿಸಿ ನೋಡಿದೆವು. ಗೆರೆಗಳು ಒಂದೇ ಕಡೆ ನಿಂತವು. ಕೆರೆಯ ಅಂಗಳದಲ್ಲಿ ಇನ್ನೂ ತೇವವಿದ್ದ ಜಾಗಕ್ಕೆ ಇಳಿಸಿದರು. ಹಿಂದಿನ ಚಕ್ರಗಳು ಮೊದಲು ಬುರುಗು ಬುರುಗಾಗಿ ಕೆಸರನ್ನು ಎರಚಿ ಹೂತವು. ಶಿಷ್ಯನು ಸಣ್ಣ ಕೋಲೊಂದನ್ನು ಎಳೆದನು. ಮುಂದಿನ ಚಕ್ರಗಳು ನೆಲವನ್ನು ಕಚ್ಚಿದವು. ಜೀಪು ಗೊಣಗುತ್ತ, ತಲೆಯಲ್ಲಾಡಿಸುತ್ತ ದಂಡೆ ಹತ್ತಿತು. ದಂಡೆಯಲ್ಲಿ ನಿಂತಿದ್ದ ಮಕ್ಕಳು ಕೂಗಿದ ಕೂಗಿಗೆ ಕೊಕ್ಕರೆಗಳೆಲ್ಲ ಹಾರಿದವು.

ಮರುದಿನ ಅದೇ ಜೀಪಿನಲ್ಲಿ ಮೂವತ್ತೊಂಬತ್ತರ ಜೋಡಿಯನ್ನು ಸುಂಟಿಕೊಪ್ಪಕ್ಕೆ ಒಯ್ದೆವು. ಯುದ್ಧಕಾಲದ ಜೀಪೊಂದು ಮೇಸ್ತ್ರಿಗಳ ಮಾಡಿನಲ್ಲಿ ಬಹುದಿನದಿಂದ ಅದಕ್ಕಾಗಿ ಕಾದಿದ್ದಿತು. ಅಮ್ಮನವರೂ ಬಂದು ಮುಂದಿನ ಆಸನದಲ್ಲಿ ಕುಳಿತಿದ್ದರು. ನಾವು ಹಿಂದಿನ ಹಲಗೆಯ ಮೇಲೆ ಕುಳಿತು, ಕುಶಾಲನಗರ ಮುಟ್ಟುವಷ್ಟರಲ್ಲಿ ಬೆನ್ನುಮೂಳೆಯ ಪ್ರತಿಯೊಂದು ಗಂಟನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವರಾಗಿದ್ದೆವು. ಮೇಸ್ತ್ರಿಗಳಿಗೆ ಕಣ್ಣಿನ ಚಿಕಿತ್ಸೆಯಾಗಿದ್ದಿತು. ಜೋಡಿಯನ್ನು ಬೆಳಕಿಗೆ ಹಿಡಿದು ಮೊದಲ ಬಾರಿಗೆ ಕಣ್ಣಿನಿಂದ ನೋಡಿದರು. ಬೆಲೆ ಕೊಡಲು ಬಂದರು, ಶಿಷ್ಯನು ಕೊಳ್ಳಲಿಲ್ಲ.

ಚೀಟಿ ಇನ್ನೂ ಅದಕ್ಕೆ ಕಟ್ಟಿಯೇ ಇದ್ದಿತು. ಅಮ್ಮನವರೇ ಮತ್ತೆ ಕಟ್ಟಿದ್ದರು. “ಇದು ಈಗ ಬೇಡವಲ್ಲ” ಎಂದು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚೀಲದಲ್ಲಿ ಹಾಕಿಕೊಂಡರು. ಮೇಸ್ತ್ರಿಗಳು ನಮ್ಮ ಕಡೆಗೆ ಕೈಚಾಚಿದರು. ಜೇಬಿನಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡನ್ನು ಕೊಟ್ಟೆವು. ಅವರು ಚಕ್ರದ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ 39/8 ಎಂದು ಬರೆದು, ಗೋಡೆಯ ಮೇಲಿನ ಗೂಡಿನಲ್ಲಿಟ್ಟರು.